ಎಲ್ಲವೂ ಮೇಲಕ್ಕೆ: ಸರ್ವಾಂಗಹೋಮ ಮತ್ತು ನಮ್ಮ ದಿನದ ಭಕ್ತಿ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ವರ್ಷಕ್ಕೆ ಬೈಬಲನ್ನು ಆದಿಕಾಂಡದಿಂದ ಓದಲು ಶುರು ಮಾಡಿದವರಲ್ಲಿ ಎಷ್ಟೋ ಜನ ಯಾಜಕಕಾಂಡಕ್ಕೆ ಬಂದು ನಿಂತುಬಿಡುತ್ತಾರೆ. ಮೊದಲ ಅಧ್ಯಾಯದಲ್ಲೇ ರಕ್ತ, ಕೊಬ್ಬು, ಹೊಗೆ. ನಾನೂ ಹಲವು ಸಲ ಅಲ್ಲಿ ಪುಟ ಹಾರಿಸಿದ್ದೇನೆ. ಆಮೇಲೆ ಒಂದು ವರ್ಷ ಹಾರಿಸದೆ ನಿಧಾನಕ್ಕೆ ಓದಿದೆ. ಅಂದಿನಿಂದ ನನ್ನ ಬೆಳಗಿನ ಪ್ರಾರ್ಥನೆ ಮೊದಲಿನ ಹಾಗಿಲ್ಲ. ಮನೆ ಕೂಟಗಳಲ್ಲಿ, ಪತ್ರಗಳಲ್ಲಿ, ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ನಿಂತು ಜನ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಅವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲು ತಿಳಿಯಬೇಕಾದದ್ದು

ನಮ್ಮ ಮನೆಯ ಒಂದು ಬೈಬಲ್‌ನಲ್ಲಿ "ಸರ್ವಾಂಗಹೋಮ" ಅಂತಿದೆ, ಇನ್ನೊಂದರಲ್ಲಿ "ದಹನಬಲಿ" ಅಂತಿದೆ. ಎರಡೂ ಒಂದೇನಾ?

ಒಂದೇ. ಎರಡೂ ಒಂದೇ ಹೀಬ್ರೂ ಪದದ ಅನುವಾದ. ಆ ಪದ "ಓಲಾ". ಅದರ ಅರ್ಥ "ಮೇಲಕ್ಕೆ ಹೋಗುವುದು". ಹೊಗೆಯಾಗಿ ಪೂರ್ತಿ ಮೇಲಕ್ಕೆ ಏರುವ ಕಾಣಿಕೆ ಅಂತ.

ನನಗೆ "ಸರ್ವಾಂಗಹೋಮ" ಎಂಬ ಪದವೇ ಜಾಸ್ತಿ ಇಷ್ಟ. "ದಹನಬಲಿ" ಅಂದಾಗ ಸುಡುವುದು ಮಾತ್ರ ಕಣ್ಣಿಗೆ ಬರುತ್ತದೆ. "ಸರ್ವಾಂಗ" ಅಂದಾಗ ಒಂದು ಅಂಗವನ್ನೂ ಉಳಿಸಿಕೊಳ್ಳಲಿಲ್ಲ ಎಂಬ ಮಾತು ಹೆಸರಿನಲ್ಲೇ ಬಂದುಬಿಡುತ್ತದೆ. ಹೀಬ್ರೂ ಬೈಬಲ್‌ನಲ್ಲಿ ಇದಕ್ಕೆ ಅಲ್ಲಲ್ಲಿ "ಕಾಲೀಲ್" ಎಂಬ ಇನ್ನೊಂದು ಪದವೂ ಬರುತ್ತದೆ. ಅದರ ಅರ್ಥ "ಪೂರ್ತಿ". ನಮ್ಮ ಅನುವಾದಕರು ಆ ಎರಡನೇ ಅರ್ಥವನ್ನು ಚೆನ್ನಾಗಿ ಹಿಡಿದಿದ್ದಾರೆ.

ಹೋಮ ಅಂದ ತಕ್ಷಣ ನಮಗೆ ಅಗ್ನಿಕುಂಡ, ತುಪ್ಪ, ಸಮಿತ್ತು ನೆನಪಾಗುತ್ತೆ. ಇದೂ ಅದೇ ತರಹನಾ?

ಪದ ನಮ್ಮ ನೆಲದ್ದು, ಆಚರಣೆ ಬೇರೆ ನೆಲದ್ದು. ವೈದಿಕ ಹೋಮದಲ್ಲಿ ಅಗ್ನಿಯೇ ಒಬ್ಬ ದೇವತೆ. ಹವಿಸ್ಸನ್ನು ಬೇರೆ ದೇವತೆಗಳಿಗೆ ತಲುಪಿಸುವವನೂ ಅವನೇ. ಇಸ್ರಾಯೇಲ್ಯರ ಯಜ್ಞವೇದಿಯ ಬೆಂಕಿಗೆ ಹೆಸರಿಲ್ಲ, ಅದಕ್ಕೆ ಯಾರೂ ನಮಸ್ಕಾರ ಮಾಡುವುದಿಲ್ಲ. ಯಾಜಕಕಾಂಡ 1ನೇ ಅಧ್ಯಾಯದಲ್ಲಿ ಯಾಜಕನು ಹೇಳಬೇಕಾದ ಮಂತ್ರವೂ ಕೊಟ್ಟಿಲ್ಲ. ಮೊದಲಿಂದ ಕೊನೆವರೆಗೆ ಕೈ ಕೆಲಸ ಮಾತ್ರ. ಹಾಗಾಗಿ "ಹೋಮ" ಎಂಬ ಪದವನ್ನು ಬಾಗಿಲಾಗಿ ಬಳಸಿ ಒಳಗೆ ಬನ್ನಿ. ಒಳಗಿನ ಮನೆ ಮೋಶೆಯ ಕಾಲದ್ದು ಎಂಬುದು ಮನಸ್ಸಿನಲ್ಲಿರಲಿ.

ಯಾಜಕಕಾಂಡದಲ್ಲಿ ಐದು ತರಹದ ಯಜ್ಞ ಇದೆಯಲ್ಲ, ಇದರಲ್ಲಿ ಏನು ವಿಶೇಷ?

ಯಾರು ತಿನ್ನುತ್ತಾರೆ ಎಂದು ನೋಡಿ, ತಕ್ಷಣ ಗೊತ್ತಾಗುತ್ತದೆ. ಸಮಾಧಾನಯಜ್ಞ ಒಂದು ಊಟ. ಕೊಬ್ಬು ದೇವರಿಗೆ, ಒಂದಿಷ್ಟು ಭಾಗ ಯಾಜಕನಿಗೆ, ಉಳಿದ ಮಾಂಸ ತಂದವನ ಮನೆಯವರಿಗೆ. ಧಾನ್ಯನೈವೇದ್ಯದಲ್ಲಿ ಒಂದು ಹಿಡಿ ಬೆಂಕಿಗೆ ಹೋದರೆ ಮಿಕ್ಕದ್ದು ಯಾಜಕರಿಗೆ. ದೋಷಪರಿಹಾರಕ ಯಜ್ಞದಲ್ಲೂ ಪ್ರಾಯಶ್ಚಿತ್ತ ಯಜ್ಞದಲ್ಲೂ ಸಾಮಾನ್ಯವಾಗಿ ಯಾಜಕರಿಗೆ ಪಾಲಿತ್ತು. ಸರ್ವಾಂಗಹೋಮದ ಮಾಂಸ ಮಾತ್ರ ಯಾರ ಬಾಯಿಗೂ ಹೋಗುವುದಿಲ್ಲ. ಚರ್ಮ ಯಾಜಕನಿಗೆ ಸೇರುತ್ತಿತ್ತು (ಯಾಜಕಕಾಂಡ 7:8). ಉಳಿದದ್ದೆಲ್ಲ ಬೆಂಕಿಗೆ.

ಮಾಂಸದೂಟ ಅಪರೂಪವಾಗಿದ್ದ ಕಾಲ ಅದು. ಒಂದು ಎತ್ತಿನ ಮಾಂಸ ಇಡೀ ಕೇರಿಗೆ ಊಟ ಆಗುತ್ತಿತ್ತು. ಅದನ್ನು ಕಣ್ಣೆದುರೇ ಸುಟ್ಟು ಖಾಲಿ ಕೈಯಲ್ಲಿ ಮನೆಗೆ ಹೋಗುವ ಮನುಷ್ಯನನ್ನು ಕಲ್ಪಿಸಿಕೊಳ್ಳಿ. ಮುಂದೆ ಹೇಳುವುದೆಲ್ಲ ಆ ಖಾಲಿ ಕೈಯಿಂದಲೇ ಶುರುವಾಗುತ್ತದೆ.

ಒಬ್ಬ ಸಾಮಾನ್ಯ ಮನುಷ್ಯ ಇದನ್ನು ತಂದಾಗ ನಿಜವಾಗಿ ಏನೇನು ನಡೀತಿತ್ತು? ಯಾಜಕರೇ ಎಲ್ಲ ಮಾಡ್ತಿದ್ದರಾ?

ಇಲ್ಲ. ಓದುವಾಗ ಜನ ಗಮನಿಸದೆ ಬಿಡುವ ಜಾಗ ಇದೇ.

ಅವನು ತನ್ನ ಹಿಂಡಿನಿಂದ ಒಂದು ಪ್ರಾಣಿ ಆರಿಸುತ್ತಾನೆ. ಗಂಡು, ಪೂರ್ಣಾಂಗವಾದದ್ದು, ಅಂದರೆ ಕುರುಡು, ಕುಂಟು, ಗಾಯ ಯಾವುದೂ ಇಲ್ಲದ್ದು. ಅಂದರೆ ಹಿಂಡು ಬೆಳೆಯಲು ಅವನು ಉಳಿಸಿಕೊಳ್ಳಬೇಕು ಅಂದುಕೊಂಡಿದ್ದ ಪ್ರಾಣಿಯೇ. ಅದನ್ನು ದೇವದರ್ಶನ ಗುಡಾರದ, ಅಂದರೆ ದೇವಾಲಯ ಕಟ್ಟುವ ಮೊದಲು ಇದ್ದ ಆರಾಧನೆಯ ಡೇರೆಯ, ಬಾಗಿಲಿಗೆ ತರುತ್ತಾನೆ. ಅದರ ತಲೆಯ ಮೇಲೆ ಕೈ ಇಡುತ್ತಾನೆ. ಹೀಬ್ರೂ ಪದ ಸುಮ್ನೆ ಮುಟ್ಟುವುದಕ್ಕೆ ಬಳಸುವ ಪದವಲ್ಲ. ಒರಗುವುದು, ಭಾರ ಬಿಡುವುದು ಎಂಬ ಅರ್ಥ ಅದಕ್ಕಿದೆ. ಆ ಬಿಸಿ ಮೈ, ಆ ಉಸಿರು ಅವನ ಅಂಗೈಗೆ ತಾಗುತ್ತದೆ.

ಆಮೇಲೆ ಅವನೇ ಅದನ್ನು ವಧಿಸುತ್ತಾನೆ. ರಕ್ತವನ್ನು ಯಾಜಕರು ತೆಗೆದುಕೊಂಡು ಯಜ್ಞವೇದಿಯ ಸುತ್ತಲೂ ಎರಚುತ್ತಾರೆ. ಚರ್ಮ ಸುಲಿಯುವುದು, ತುಂಡು ಮಾಡುವುದು ಮತ್ತೆ ತಂದವನ ಕೆಲಸ. ಯಾಜಕರು ಬೆಂಕಿ ಸಿದ್ಧ ಮಾಡಿ, ಸೌದೆ ಜೋಡಿಸಿ, ತಲೆಯನ್ನೂ ಕೊಬ್ಬನ್ನೂ ತುಂಡುಗಳನ್ನೂ ಅದರ ಮೇಲೆ ಕ್ರಮವಾಗಿ ಇಡುತ್ತಾರೆ. ಕರುಳುಗಳನ್ನೂ ಕಾಲುಗಳನ್ನೂ ನೀರಿನಲ್ಲಿ ತೊಳೆಯಬೇಕು. ಕರುಳು ಒಳಗಿನ ಕೊಳೆ, ಕಾಲು ದಾರಿಯ ಕೊಳೆ. ಕೊನೆಗೆ ಎಲ್ಲವೂ ಬೆಂಕಿಗೆ.

ಆ ಮನುಷ್ಯ ಬೆವರಿದ್ದಾನೆ. ಅವನ ತೋಳಿಗೆ ರಕ್ತ ಮೆತ್ತಿದೆ. ಅವನು ದಕ್ಷಿಣೆ ಕೊಟ್ಟು ಪಕ್ಕದಲ್ಲಿ ನಿಂತವನಲ್ಲ. ನಮ್ಮಲ್ಲಿ "ಪಾಸ್ಟರ್, ನನಗೋಸ್ಕರ ಪ್ರಾರ್ಥನೆ ಮಾಡಿ" ಅಂತ ಹೇಳಿ ನಿರಾಳವಾಗಿ ಮನೆಗೆ ಹೋಗುವ ಅಭ್ಯಾಸ ಇದೆಯಲ್ಲ, ಯಾಜಕಕಾಂಡ 1 ಅದಕ್ಕೆ ಒಪ್ಪುವುದಿಲ್ಲ. ಬೇರೆಯವರು ನಮಗಾಗಿ ಪ್ರಾರ್ಥಿಸುವುದು ಒಳ್ಳೆಯದೇ, ನಾನೂ ಕೇಳಿಕೊಳ್ಳುತ್ತೇನೆ. ಆದರೆ ಆ ಪ್ರಾಣಿಯ ತಲೆಯ ಮೇಲೆ ಕೈ ಇಡಬೇಕಾದವರು ನಾವೇ.

ಎತ್ತು, ಕುರಿ ಇಲ್ಲದ ಬಡವರು ಏನು ಮಾಡ್ತಿದ್ದರು?

ಬೆಳವಕ್ಕಿ ಅಥವಾ ಪಾರಿವಾಳದ ಮರಿ ತರುತ್ತಿದ್ದರು. ಈ ಅಧ್ಯಾಯದಲ್ಲಿ ನನಗೆ ತುಂಬಾ ಪ್ರೀತಿಯ ವಿಷಯ ಒಂದಿದೆ. ಎತ್ತಿನ ಹೋಮಕ್ಕೆ 9ನೇ ವಚನದಲ್ಲಿ, ಕುರಿಯ ಹೋಮಕ್ಕೆ 13ನೇ ವಚನದಲ್ಲಿ, ಹಕ್ಕಿಯ ಹೋಮಕ್ಕೆ 17ನೇ ವಚನದಲ್ಲಿ ಹೇಳಿದ ಮಾತು ಒಂದೇ: ಯೆಹೋವನಿಗೆ ಸುವಾಸನೆ. ಹಕ್ಕಿಗೆ ಕಡಿಮೆ ಸುವಾಸನೆ ಅಂತ ಬರೆದಿಲ್ಲ.

ಮರಿಯಳು ಯೇಸುವನ್ನು ಹೆತ್ತ ಮೇಲೆ ಶುದ್ಧಾಚಾರಕ್ಕಾಗಿ ಯೆರೂಸಲೇಮಿಗೆ ಹೋದಾಗ ತಂದದ್ದು ಹಕ್ಕಿಗಳ ಜೋಡಿಯ ಕಾಣಿಕೆ (ಲೂಕ 2:24). ಕುರಿಮರಿ ತರಲು ಶಕ್ತಿಯಿಲ್ಲದ ತಾಯಿಗೆ ಮೋಶೆಯ ನಿಯಮ ಕೊಟ್ಟ ಅನುಕೂಲ ಅದು. ಒಂದು ಹಕ್ಕಿ ಸರ್ವಾಂಗಹೋಮಕ್ಕೆ, ಒಂದು ದೋಷಪರಿಹಾರಕ್ಕೆ (ಯಾಜಕಕಾಂಡ 12:8).

ಎರಡು ಚಿಕ್ಕ ಮಕ್ಕಳ ತಾಯಿಯೊಬ್ಬರು "ನನಗೆ ಸಿಗೋದೇ ಹತ್ತು ನಿಮಿಷ, ಅದೂ ಅಕ್ಕಿ ತೊಳೆಯುವಾಗ" ಅಂತ ಬೇಜಾರಿನಿಂದ ಹೇಳಿದ್ದರು. ಅಕ್ಕಾ, ಆ ಹತ್ತು ನಿಮಿಷ ನಿಮ್ಮ ಹಕ್ಕಿ. ಅದನ್ನು ಎತ್ತಿನ ಪಕ್ಕ ಇಟ್ಟು ಅಳೆಯಬೇಡಿ.

ಇದರ ಇನ್ನೊಂದು ಮುಖವೂ ಇದೆ. ಎತ್ತು ಇರುವವನು ಹಕ್ಕಿ ತರಬಾರದು. ದಾವೀದನಿಗೆ ಯೆಬೂಸಿಯನಾದ ಅರೌನನು ಕಣವನ್ನೂ ಎತ್ತುಗಳನ್ನೂ ಸೌದೆಯನ್ನೂ ಬಿಟ್ಟಿಯಾಗಿ ಕೊಡಲು ಬಂದ. ದಾವೀದ ಒಪ್ಪಲಿಲ್ಲ. ಖರ್ಚಿಲ್ಲದೆ ಸಿಕ್ಕಿದ್ದನ್ನು ನನ್ನ ದೇವರಿಗೆ ಹೋಮ ಮಾಡಲಾರೆ ಅಂದ. 50 ಶೆಕೆಲ್ ಬೆಳ್ಳಿ ಕೊಟ್ಟು ಕಣವನ್ನೂ ಎತ್ತುಗಳನ್ನೂ ಕೊಂಡುಕೊಂಡ (2 ಸಮುವೇಲ 24:24). ಇಂದಿನ ತೂಕದಲ್ಲಿ ಅದು ಅರ್ಧ ಕೆಜಿಗಿಂತ ಸ್ವಲ್ಪ ಜಾಸ್ತಿ ಬೆಳ್ಳಿ. ಇಡೀ ದಿನದಲ್ಲಿ ಬೇರೆ ಯಾವುದಕ್ಕೂ ಬಾರದ, ಕಣ್ಣು ಮುಚ್ಚಿಹೋಗುವ ಹೊತ್ತನ್ನು ನಾನು ಎಷ್ಟೋ ವರ್ಷ ದೇವರಿಗೆ ಕೊಟ್ಟಿದ್ದೆ. ಈ ವಚನ ಓದಿದ ಮೇಲೆ ಅದನ್ನು ಬಿಟ್ಟೆ.

## ದಿನದ ಪ್ರಾರ್ಥನೆಗೆ ಬಂದರೆ

ಮಾಂಸ ಸುಡೋ ವಾಸನೆ ದೇವರಿಗೆ ಇಷ್ಟ ಅಂತ ಓದಿದಾಗ ಕಸಿವಿಸಿ ಆಗುತ್ತೆ. ದೇವರಿಗೆ ಹಸಿವಾ?

ಈ ಕಸಿವಿಸಿಗೆ ಬೈಬಲೇ ಉತ್ತರ ಕೊಟ್ಟಿದೆ. ಕೀರ್ತನೆ 50ರಲ್ಲಿ ದೇವರು ನೇರವಾಗಿ ಹೇಳುತ್ತಾನೆ: ನನಗೆ ಹಸಿವಾದರೂ ನಿನಗೆ ತಿಳಿಸುವುದಿಲ್ಲ, ಲೋಕವೆಲ್ಲ ನನ್ನದೇ. ಸುವಾಸನೆ ಅಂತ ಅನುವಾದವಾದ ಮಾತಿನಲ್ಲಿ ಶಾಂತಿ, ವಿಶ್ರಾಂತಿ ಎಂಬ ಅರ್ಥ ಇದೆ. ಜಲಪ್ರಳಯ ಇಳಿದ ಮೇಲೆ ನೋಹನು ಯಜ್ಞವೇದಿ ಕಟ್ಟಿದ್ದು ಬೈಬಲ್‌ನಲ್ಲಿ ಸರ್ವಾಂಗಹೋಮದ ಮಾತು ಮೊದಲು ಬರುವ ಜಾಗ. ಅಲ್ಲೂ ಇದೇ ಪದ ಇದೆ. ಹೀಬ್ರೂವಿನಲ್ಲಿ ಓದಿದರೆ ನೋಹನ ಹೆಸರಿನ ದನಿಯೇ ಆ ಪದದಲ್ಲಿ ಕೇಳುತ್ತದೆ. ಮುನಿಸು ಇಳಿದು ಮನಸ್ಸು ತಣ್ಣಗಾಗುವ ಚಿತ್ರ ಅದು.

"ಯಜ್ಞವೇದಿಯ ಬೆಂಕಿ ಆರಬಾರದು" ಅಂತ ಹಾಡ್ತೀವಿ. ಆದರೆ ನನ್ನೊಳಗಿನ ಬೆಂಕಿ ಆರಿಹೋಗಿದೆ. ಏನು ಮಾಡಲಿ?

ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದು. ಕೇಳುವಾಗ ಜನರ ದನಿ ಇಳಿದುಹೋಗುತ್ತದೆ. ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಯಾಜಕಕಾಂಡ 6:8ರಿಂದ 13ರವರೆಗೆ ಓದಿ. ಬೆಂಕಿ ಆರಬಾರದು ಎಂಬ ಆಜ್ಞೆ ಅಲ್ಲಿ ಮತ್ತೆ ಮತ್ತೆ ಬರುತ್ತದೆ. ಆದರೆ ಆ ಆಜ್ಞೆಯ ಸುತ್ತ ಏನಿದೆ ನೋಡಿ. ಹೋಮದ ಪ್ರಾಣಿ ರಾತ್ರಿಯಿಡೀ, ಬೆಳಗಾಗುವವರೆಗೆ ವೇದಿಯ ಮೇಲಿರಬೇಕು. ಬೆಳಿಗ್ಗೆ ಯಾಜಕ ನಾರುಮಡಿ ಹಾಕಿಕೊಂಡು ಬೂದಿ ತೆಗೆದು ವೇದಿಯ ಪಕ್ಕದಲ್ಲಿ ಇಡಬೇಕು. ಆಮೇಲೆ ಆ ಬಟ್ಟೆ ಬಿಚ್ಚಿ, ಬೇರೆ ಬಟ್ಟೆ ತೊಟ್ಟು, ಬೂದಿಯನ್ನು ಪಾಳೆಯದ ಹೊರಗೆ ಶುದ್ಧವಾದ ಜಾಗಕ್ಕೆ ಹೊತ್ತುಕೊಂಡು ಹೋಗಬೇಕು. ಪ್ರತಿದಿನ ಬೆಳಿಗ್ಗೆ ಹೊಸ ಸೌದೆ ಒಟ್ಟಬೇಕು.

ಅಂದರೆ ಆರದ ಬೆಂಕಿಯ ನಿಯಮದಲ್ಲಿ ಬಹುಪಾಲು ಮಾತು ಬೂದಿ, ಬಟ್ಟೆ ಮತ್ತು ಸೌದೆಯದು. ಸೌದೆ ಒಲೆಯ ಮನೆಯಲ್ಲಿ ಬೆಳೆದವರಿಗೆ ಇದು ಹೇಳಿಕೊಡಬೇಕಾಗಿಲ್ಲ. ನಿನ್ನೆಯ ಬೂದಿ ತುಂಬಿದ ಒಲೆಗೆ ಎಷ್ಟು ಸೌದೆ ಹಾಕಿದರೂ ಹೊಗೆಯೇ ಬರುತ್ತದೆ. ಗಾಳಿ ಆಡಲು ಜಾಗ ಬೇಕು. ಬೂದಿ ಎಳೆದರೆ ಒಮ್ಮೊಮ್ಮೆ ಅಡಿಯಲ್ಲಿ ಕೆಂಡ ಇನ್ನೂ ನಿಗಿನಿಗಿ ಅನ್ನುತ್ತಿರುತ್ತದೆ.

ಬೂದಿ ಕೆಟ್ಟದ್ದಲ್ಲ, ನೆನಪಿಡಿ. ಅದು ನಿನ್ನೆ ನಿಜವಾಗಿ ಸುಟ್ಟ ಕಾಣಿಕೆಯ ಗುರುತು. ಅದಕ್ಕೇ ಅದನ್ನು ತಿಪ್ಪೆಗೆ ಎಸೆಯದೆ ಶುದ್ಧವಾದ ಜಾಗದಲ್ಲಿ ಇಡಲು ಹೇಳಿದ್ದು. ಆದರೂ ಅದನ್ನು ವೇದಿಯಿಂದ ತೆಗೆಯಲೇಬೇಕು. 20 ವರ್ಷದ ಹಿಂದಿನ ಉಜ್ಜೀವನ ಕೂಟದ ಸಾಕ್ಷಿಯನ್ನೇ ಇಂದೂ ಹೇಳುತ್ತಾ ಇದ್ದೇವೆ ಅಂದರೆ ಬೂದಿ ಇನ್ನೂ ವೇದಿಯ ಮೇಲಿದೆ ಅಂತ. ಅದನ್ನು ಗೌರವದಿಂದ ಎತ್ತಿಡಿ. ಇಂದಿಗೆ ಇಂದಿನ ಸೌದೆ ಬೇಕು: ಒಂದು ಅಧ್ಯಾಯ, ಒಂದು ಕೀರ್ತನೆ, ಹೆಸರು ಹಿಡಿದು ಒಬ್ಬರಿಗಾಗಿ ಪ್ರಾರ್ಥನೆ. ಬೆಂಕಿ ಕಾಣದ ದಿನವೂ ಸೌದೆ ಒಟ್ಟುವ ಕೆಲಸ ನಿಲ್ಲಬಾರದು. ಮೊದಲ ಬೆಂಕಿ ಯೆಹೋವನ ಸನ್ನಿಧಿಯಿಂದ ಹೊರಟು ಬಂತು (ಯಾಜಕಕಾಂಡ 9:24). ಅದನ್ನು ಹೊತ್ತಿಸುವ ಹೊಣೆ ಯಾಜಕರ ಮೇಲಿರಲಿಲ್ಲ. ಅವರ ಹೊಣೆ ಉಳಿಸಿಕೊಳ್ಳುವುದು. ನಿಮ್ಮೊಳಗೆ ಬೆಂಕಿ ಹುಟ್ಟಿಸುವ ಭಾರವನ್ನು ನೀವೇ ಹೊರಬೇಕಿಲ್ಲ.

ನನ್ನ ಜೀವನದಲ್ಲಿ ನಡೆದದ್ದಕ್ಕೆ ನಾನು ದೇವರ ಹತ್ತಿರ ಹೋಗೋಕೂ ಲಾಯಕ್ಕಿಲ್ಲ ಅನ್ನಿಸುತ್ತೆ. ನನಗೆ ಇದರಲ್ಲಿ ಏನಾದರೂ ಇದೆಯಾ?

ಇದೆ. ಕ್ರಿ.ಶ. 200ರ ಸುಮಾರಿಗೆ ಯೆಹೂದ್ಯರು ಒಟ್ಟು ಮಾಡಿದ ಮಿಷ್ನಾ ಎಂಬ ನಿಯಮಗ್ರಂಥದಲ್ಲಿ ಯೆರೂಸಲೇಮಿನ ಎರಡನೇ ದೇವಾಲಯದ ವಿವರಗಳಿವೆ. ಸ್ತ್ರೀಯರ ಅಂಗಳದ ಈಶಾನ್ಯ ಮೂಲೆಯಲ್ಲಿ ಸೌದೆಯ ಕೋಣೆ ಇತ್ತು. ಹುಳು ಬಿದ್ದ ಸೌದೆ ವೇದಿಗೆ ಸಲ್ಲದು. ಅದನ್ನು ಆರಿಸಿ ತೆಗೆಯುವವರು ಯಾರು ಗೊತ್ತಾ? ದೇಹದಲ್ಲಿ ಊನವಿದ್ದ ಯಾಜಕರು. ನಿಯಮದ ಪ್ರಕಾರ ಅವರು ವೇದಿಯ ಹತ್ತಿರ ಸೇವೆಗೆ ಹೋಗುವಂತಿರಲಿಲ್ಲ. ಆದರೆ ವೇದಿಯ ಮೇಲೆ ಉರಿದ ಒಂದೊಂದು ಕಟ್ಟಿಗೆಯೂ ಅವರ ಕಣ್ಣು ದಾಟಿ ಹೋದದ್ದು.

ಈಗ ಕ್ರಿಸ್ತನಿಂದಾಗಿ ಆ ಗೆರೆಯೂ ಅಳಿಸಿಹೋಗಿದೆ. ಇಬ್ರಿಯರಿಗೆ ಬರೆದ ಪತ್ರಿಕೆ ಧೈರ್ಯದಿಂದ ಹತ್ತಿರ ಬನ್ನಿ ಅನ್ನುತ್ತದೆ. ಧೈರ್ಯ ಬರಲು ಹೊತ್ತು ಹಿಡಿದರೆ, ಅಲ್ಲಿವರೆಗೆ ಸೌದೆ ಕೋಣೆಯಲ್ಲಿ ಕೂತಿರಿ. ಅದೂ ದೇವಾಲಯದ ಒಳಗೇ ಇದೆ.

ಬೆಳಿಗ್ಗೆ ಸಂಜೆ ಎರಡು ಹೊತ್ತು ಪ್ರಾರ್ಥನೆ ಮಾಡಲೇಬೇಕಾ?

ಕ್ರೈಸ್ತನಿಗೆ ಕಟ್ಟಳೆ ಇಲ್ಲ. ಆದರೆ ಈ ರೂಢಿ ಎಲ್ಲಿಂದ ಬಂತು ಅಂತ ತಿಳಿದರೆ ಅದರ ಮೇಲೆ ಪ್ರೀತಿ ಬರುತ್ತದೆ.

ಅರಣ್ಯಕಾಂಡ 28ರಲ್ಲಿ ನಿತ್ಯ ಸರ್ವಾಂಗಹೋಮದ ನಿಯಮ ಇದೆ. ದಿನಕ್ಕೆ ಒಂದು ವರ್ಷದ ಎರಡು ಕುರಿಮರಿ. ಒಂದು ಹೊತ್ತಾರೆ, ಒಂದು ಸಂಜೆ. ಜೊತೆಗೆ ಎಣ್ಣೆ ಕಲಸಿದ ಹಿಟ್ಟು, ದ್ರಾಕ್ಷಾರಸ. ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನಲ್ಲಿ ಇನ್ನೂ ಎರಡು ಮರಿ. ಹಬ್ಬ ಇರಲಿ, ಇಲ್ಲದಿರಲಿ, ರಾಜ ಒಳ್ಳೆಯವನಿರಲಿ, ಕೆಟ್ಟವನಿರಲಿ, ಇದು ಮಾತ್ರ ನಡೆಯುತ್ತಿರಬೇಕು. ಹೀಬ್ರೂವಿನಲ್ಲಿ ಇದನ್ನು "ತಾಮೀದ್" ಅಂದರು, ಅಂದರೆ ಎಡೆಬಿಡದೆ ಅಂತ.

ದೇವಾಲಯದಿಂದ ದೂರ ಇದ್ದವರೂ ಈ ಹೊತ್ತನ್ನೇ ಹಿಡಿದರು. ಎಲೀಯನು ಕರ್ಮೆಲ್ ಬೆಟ್ಟದ ಮೇಲೆ ಪ್ರಾರ್ಥಿಸಿದ್ದು ಸಂಜೆಯ ನೈವೇದ್ಯದ ಹೊತ್ತಿಗೆ. ಪೇತ್ರ ಯೋಹಾನರು ಮಧ್ಯಾಹ್ನ ಮೂರು ಗಂಟೆಯ ಪ್ರಾರ್ಥನೆಗೆ ದೇವಾಲಯಕ್ಕೆ ಹೋಗುತ್ತಿದ್ದರು (ಅಪೊಸ್ತಲರ ಕೃತ್ಯಗಳು 3:1). ನನ್ನ ಕಣ್ಣು ಒದ್ದೆ ಮಾಡುವುದು ದಾನಿಯೇಲ. ಅವನ ಪ್ರಾರ್ಥನೆಗೆ ದೇವದೂತ ಗಬ್ರಿಯೇಲನು ಬಂದದ್ದು ಸಂಧ್ಯಾನೈವೇದ್ಯದ ಹೊತ್ತಿಗೆ ಅಂತ 9:21ರಲ್ಲಿ ಬರೆದಿದೆ. ಆದರೆ ಆಗ ನೈವೇದ್ಯ ಎಲ್ಲಿತ್ತು? ದೇವಾಲಯ ಸುಟ್ಟು ದಶಕಗಳೇ ಕಳೆದಿದ್ದವು. ಬಾಬೆಲಿನಲ್ಲಿ ಸೆರೆಯಾಳಾಗಿ ಕೂತ ಆ ಮುದುಕ ಇಲ್ಲದ ಯಜ್ಞವೇದಿಯ ಗಡಿಯಾರ ನೋಡಿ ಮೊಣಕಾಲೂರುತ್ತಿದ್ದ.

ಇಷ್ಟು ಪ್ರಾರ್ಥನೆ ಮಾಡಿದರೂ ನನಗೆ ಏನೂ ಸಿಗ್ತಿಲ್ಲ. ಆಮೇಲೆ ಯಾಕೆ ಮಾಡಬೇಕು?

ಸರ್ವಾಂಗಹೋಮ ತಂದವನನ್ನು ಈ ಪ್ರಶ್ನೆ ಕೇಳಿದ್ದರೆ ಏನು ಹೇಳುತ್ತಿದ್ದ? ಅವನಿಗೆ ಊಟ ಸಿಗಲಿಲ್ಲ. ಚರ್ಮವೂ ಸಿಗಲಿಲ್ಲ.

ದೇವರ ಹತ್ತಿರ ಕೇಳುವುದು ತಪ್ಪಲ್ಲ. ಯೇಸುವೇ ಕೇಳಿರಿ ಅಂದಿದ್ದಾನೆ. ಹನ್ನಳು ಕೇಳಿದಳು, ಹಿಜ್ಕೀಯನು ಕೇಳಿದನು. ಆದರೆ ಎಲ್ಲ ಪ್ರಾರ್ಥನೆಯೂ ಕೇಳುವ ಪ್ರಾರ್ಥನೆ ಆದರೆ ನಮ್ಮಲ್ಲಿ ಸಮಾಧಾನಯಜ್ಞ ಮಾತ್ರ ಇದೆ, ನಮಗೂ ಪಾಲು ಬರುವ ಯಜ್ಞ. ದಿನದಲ್ಲಿ ಒಂದಿಷ್ಟು ಹೊತ್ತಾದರೂ ದೇವರು ದೇವರಾಗಿದ್ದಾನೆ ಅನ್ನುವ ಒಂದೇ ಕಾರಣಕ್ಕೆ ಕೂರಬೇಕು. ಬೇಡಿಕೆಯ ಪಟ್ಟಿ ಇಲ್ಲ. ಬೋಧನೆಗೆ ವಿಷಯ ಹುಡುಕುವುದಿಲ್ಲ. ಸ್ಟೇಟಸ್‌ಗೆ ಹಾಕಲು ವಚನ ಆರಿಸುವುದಿಲ್ಲ. ಎದ್ದಾಗ ಕೈಯಲ್ಲಿ ಏನೂ ಇರುವುದಿಲ್ಲ.

ಮೊದಮೊದಲು ಇದು ಹೊತ್ತು ಹಾಳು ಮಾಡಿದ ಹಾಗೆ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಬೆಥಾನ್ಯದಲ್ಲಿ ಒಬ್ಬ ಹೆಂಗಸು ಬೆಲೆಬಾಳುವ ತೈಲವನ್ನು ಯೇಸುವಿನ ತಲೆಗೆ ಸುರಿದಾಗ ಸುತ್ತಲಿದ್ದವರೂ ಹಾಳಾಯಿತು ಅಂದರು. ಯೇಸು ಮಾತ್ರ ಹಾಗೆ ಅನ್ನಲಿಲ್ಲ.

"ಸರ್ವಸ್ವವನ್ನೂ ದೇವರಿಗೆ ಕೊಡಬೇಕು" ಅಂತಾರೆ. ಹಾಗಾದರೆ ಕೆಲಸ ಬಿಟ್ಟು ಸೇವೆಗೆ ಹೋಗಬೇಕಾ? ಮನೆ ಮಾರಿ ಕೊಡಬೇಕಾ?

ನಿಧಾನ. ಒಂದು ಪ್ರಾಣಿ ಪೂರ್ತಿ ಸುಡುತ್ತಿದ್ದರು. ಇಡೀ ಹಿಂಡನ್ನು ಸುಡಿ ಅಂತ ಮೋಶೆ ಹೇಳಲಿಲ್ಲ. ಹೋಮ ಮಾಡಿದ ರೈತ ಮರುದಿನ ಮತ್ತೆ ಹೊಲಕ್ಕೆ ಹೋದ.

ಪೌಲನು ರೋಮಾಪುರದವರಿಗೆ 12:1ರಲ್ಲಿ ನಿಮ್ಮ ದೇಹಗಳನ್ನು ಸಜೀವ ಯಜ್ಞವಾಗಿ ಕೊಡಿ ಅನ್ನುತ್ತಾನೆ. ದೇಹ ಅಂದರೆ ಅಡುಗೆ ಮಾಡುವ ಕೈ, ಬಸ್ಸು ಹತ್ತುವ ಕಾಲು, ಫೋನ್ ನೋಡುವ ಕಣ್ಣು. ಆ ಅಧ್ಯಾಯ ಮುಂದೆ ಓದಿ: ಅತಿಥಿಸತ್ಕಾರ, ಅಳುವವರ ಸಂಗಡ ಅಳುವುದು, ಸೇಡು ತೀರಿಸದಿರುವುದು. ಸಜೀವ ಯಜ್ಞ ನಡೆಯುವ ಜಾಗ ಅದೇ.

ಇನ್ನೊಂದು ಮಾತು ಒತ್ತಿ ಹೇಳಬೇಕು. ಮನೆಯವರ ಅನ್ನ, ಮಕ್ಕಳ ಫೀಸು, ವಯಸ್ಸಾದವರ ಔಷಧದ ದುಡ್ಡನ್ನು "ಸರ್ವಾಂಗ ಕಾಣಿಕೆ" ಎಂದು ಕೇಳುವವರಿದ್ದರೆ ಕೊಡಬೇಡಿ. ಯಾಜಕಕಾಂಡ 1:2ರಲ್ಲಿ ಕಾಣಿಕೆಗೆ ಇರುವ ಪದ "ಕೊರ್ಬಾನ್". ಹತ್ತಿರ ತರುವುದು ಎಂಬ ಬೇರಿನಿಂದ ಬಂದ ಪದ. ಅದೇ ಪದ ಮಾರ್ಕ 7:11ರಲ್ಲಿ ಯೇಸುವಿನ ಬಾಯಲ್ಲಿ ಬರುತ್ತದೆ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ಕೊರ್ಬಾನ್ ಅಂತ ಹೇಳಿ ತಪ್ಪಿಸಿಕೊಳ್ಳುವವರನ್ನು ಆತನು ಕಟುವಾಗಿ ಖಂಡಿಸಿದನು.

## ಇನ್ನೂ ಆಳಕ್ಕೆ

ಪ್ರವಾದಿಗಳೇ ಯಜ್ಞ ಬೇಡ ಅಂದರಲ್ಲ? ದೇವರು ಮನಸ್ಸು ಬದಲಾಯಿಸಿದನಾ?

ಯೆಶಾಯ 1, ಆಮೋಸ 5, ಮೀಕ 6 ಮೂರನ್ನೂ ಜೊತೆಗೆ ಓದಿ. ಬೆಂಕಿಯ ಮೇಲೆ ಪೂರ್ತಿ ಪ್ರಾಣಿ ಇತ್ತು. ಆದರೆ ತಕ್ಕಡಿಯಲ್ಲಿ, ನ್ಯಾಯಾಲಯದಲ್ಲಿ ಮೋಸ ನಡೆಯುತ್ತಿತ್ತು. ಕೈ ತುಂಬಾ ರಕ್ತ, ಆ ಕೈಯನ್ನೇ ಎತ್ತಿ ಪ್ರಾರ್ಥನೆ. ಅರಸ ಸೌಲನಿಗೆ ಪ್ರವಾದಿ ಸಮುವೇಲನು ಹೇಳಿದ್ದೂ ಇದನ್ನೇ: ಯಜ್ಞಕ್ಕಿಂತ ಮಾತು ಕೇಳುವುದು ಉತ್ತಮ. ಕೀರ್ತನೆ 51ರಲ್ಲಿ ದಾವೀದನು ನಿನಗೆ ಯಜ್ಞ ಬೇಡ, ಮುರಿದ ಮನಸ್ಸು ಬೇಕು ಅನ್ನುತ್ತಾನೆ. ಅದೇ ಕೀರ್ತನೆಯ ಕೊನೆಯ ವಚನದಲ್ಲಿ ಸರ್ವಾಂಗಹೋಮ ನಿನಗೆ ಮೆಚ್ಚಿಗೆಯಾಗುವುದು ಅಂತಲೂ ಇದೆ. ಮನಸ್ಸು ಮೊದಲು ವೇದಿಗೆ ಬಂದರೆ ಪ್ರಾಣಿಗೂ ಅಲ್ಲಿ ಅರ್ಥ ಇರುತ್ತದೆ. ಒಬ್ಬ ಶಾಸ್ತ್ರಿ ದೇವರನ್ನೂ ನೆರೆಯವನನ್ನೂ ಪ್ರೀತಿಸುವುದು ಎಲ್ಲ ಸರ್ವಾಂಗಹೋಮಗಳಿಗಿಂತ ಮೇಲು ಅಂದಾಗ, ನೀನು ದೇವರ ರಾಜ್ಯಕ್ಕೆ ದೂರವಾದವನಲ್ಲ ಅಂತ ಯೇಸು ಹೇಳಿದನು (ಮಾರ್ಕ 12:33–34).

ಅಬ್ರಹಾಮನ ಹತ್ತಿರ ಮಗನನ್ನೇ ಸರ್ವಾಂಗಹೋಮವಾಗಿ ಕೇಳಿದ್ದು ಕ್ರೂರ ಅಲ್ವಾ?

ಆದಿಕಾಂಡ 22ನೇ ಅಧ್ಯಾಯ ಓದಿ ನಡುಗದಿದ್ದರೆ ಸರಿಯಾಗಿ ಓದಿಲ್ಲ ಅಂತ ನನಗೆ ಅನ್ನಿಸುತ್ತದೆ. ಸೌದೆ ಹೊತ್ತದ್ದು ಮಗ ಇಸಾಕನೇ. ಬೆಂಕಿ ಇದೆ, ಸೌದೆ ಇದೆ, ಕುರಿಮರಿ ಎಲ್ಲಿ ಅಪ್ಪಾ ಅಂತ ಅವನು ಕೇಳುತ್ತಾನೆ.

ನಾನು ಇದನ್ನು ಯೆರೆಮೀಯ 19:5ರ ಜೊತೆ ಇಟ್ಟು ಓದುತ್ತೇನೆ. ಬಾಳ ಎಂಬ ಅನ್ಯದೇವರಿಗೆ ಮಕ್ಕಳನ್ನು ಸುಟ್ಟವರಿಗೆ ದೇವರು ಹೇಳುತ್ತಾನೆ: ಇದನ್ನು ನಾನು ಆಜ್ಞಾಪಿಸಲಿಲ್ಲ, ಇದು ನನ್ನ ಮನಸ್ಸಿಗೂ ಬರಲಿಲ್ಲ. ಮೊರೀಯದ ಆ ಬೆಟ್ಟದಲ್ಲಿ ಅಬ್ರಹಾಮನು ಕತ್ತಿ ಎತ್ತಿದ ಕೈಯನ್ನು ತಡೆದವನು ಆತನೇ. ಪೊದೆಯಲ್ಲಿ ಸಿಕ್ಕಿಕೊಂಡ ಟಗರು ಮಗನ ಬದಲಿಗೆ ಹೋಮವಾಯಿತು. ನಮ್ಮ ಮಕ್ಕಳ ಬಗ್ಗೆ ಈ ಕಥೆ ಏನು ಕೇಳುತ್ತದೆ? ಅವರನ್ನು ಬಲವಂತದಿಂದ ಸೇವೆಗೆ ನೂಕಿ ಅಂತ ಅಲ್ಲ. ಅವರು ನಮ್ಮ ಸ್ವತ್ತು ಎಂಬ ಹಿಡಿತ ಬಿಡಿ ಅಂತ. ಅಬ್ರಹಾಮನು ಬೆಟ್ಟದಿಂದ ಇಳಿದಾಗ ಮಗ ಬದುಕಿದ್ದ. ಆದರೆ ಆ ಮಗ ಈಗ ಕೊಡುಗೆಯಾಗಿ ಮತ್ತೆ ಸಿಕ್ಕವನು.

ಯೇಸು ಒಂದೇ ಸಲ ಬಲಿಯಾದ ಮೇಲೆ ಇದೆಲ್ಲ ಯಾಕೆ? ಆತನು ದೋಷಪರಿಹಾರಕ ಯಜ್ಞವಲ್ಲವಾ?

ಆತನು ಅದೂ ಹೌದು, ಇದೂ ಹೌದು. ದೋಷಪರಿಹಾರಕ ಯಜ್ಞದ ಪ್ರಾಣಿಗಳ ದೇಹವನ್ನು ಪಾಳೆಯದ ಹೊರಗೆ ಸುಡುತ್ತಿದ್ದ ಹಾಗೆ ಯೇಸು ಊರ ಬಾಗಿಲ ಹೊರಗೆ ಸತ್ತನು ಎಂದು ಇಬ್ರಿಯರಿಗೆ 13:11–12 ಹೇಳುತ್ತದೆ. ಎಫೆಸದವರಿಗೆ 5:2ರಲ್ಲಿ ಮಾತ್ರ ಯಾಜಕಕಾಂಡ 1ರ ಪದ ಕೇಳುತ್ತದೆ: ಕ್ರಿಸ್ತನು ತನ್ನನ್ನು ದೇವರಿಗೆ ಸುವಾಸನೆಯಾಗಿ ಒಪ್ಪಿಸಿಕೊಟ್ಟನು. ಮೊದಲನೆಯದರಲ್ಲಿ ನಮ್ಮ ಪಾಪ ಕಾಣುತ್ತದೆ. ಎರಡನೆಯದರಲ್ಲಿ ತಂದೆಯ ಮೇಲೆ ಮಗನಿಗಿದ್ದ ಪ್ರೀತಿ ಕಾಣುತ್ತದೆ. ಪಾಪ ತೀರಿಸಲು ಬೇಕಾದಷ್ಟನ್ನು ಮಾತ್ರ ಕೊಟ್ಟವನಲ್ಲ ಆತನು. ಮೂವತ್ತು ವರ್ಷದ ನಜರೇತಿನ ಬದುಕು, ಮರಗೆಲಸ, ಬೆಳಗಿನ ಜಾವದ ಪ್ರಾರ್ಥನೆ, ಗೆತ್ಸೆಮನೆಯ ಬೆವರು, ಎಲ್ಲವನ್ನೂ ಕೊಟ್ಟನು.

ಇಬ್ರಿಯರಿಗೆ 10ನೇ ಅಧ್ಯಾಯ ಕೀರ್ತನೆ 40ನ್ನು ಆತನ ಬಾಯಲ್ಲಿಡುತ್ತದೆ: ಸರ್ವಾಂಗಹೋಮ ನಿನಗೆ ಬೇಕಾಗಿರಲಿಲ್ಲ, ಇಗೋ, ನಿನ್ನ ಚಿತ್ತ ನೆರವೇರಿಸಲು ಬಂದಿದ್ದೇನೆ. ನಾವು ಕೊಡುವುದು ಇದಕ್ಕೆ ಸೇರಿಸುವ ಹೆಚ್ಚುವರಿ ಅಲ್ಲ. ಮೋಶೆಯ ಅಣ್ಣನೂ ಮೊದಲ ಮಹಾಯಾಜಕನೂ ಆದ ಆರೋನನು ಮೊದಲ ಸೇವೆ ಮಾಡಿದ ದಿನ ದೋಷಪರಿಹಾರಕ ಯಜ್ಞ ಮೊದಲು, ಸರ್ವಾಂಗಹೋಮ ಆಮೇಲೆ (ಯಾಜಕಕಾಂಡ 9). ಕ್ಷಮೆ ಸಿಗಲಿ ಅಂತ ನಾವು ನಮ್ಮನ್ನು ಕೊಡುವುದಿಲ್ಲ. ಕ್ಷಮೆ ಸಿಕ್ಕಿದೆ ಅಂತ ಕೊಡುತ್ತೇವೆ. ಈ ಕ್ರಮ ತಿರುಗಿದರೆ ಭಕ್ತಿ ಭಯವಾಗುತ್ತದೆ. ಅಂಥ ಭಯದಲ್ಲಿ ಬದುಕಿ ಬಳಲಿದವರನ್ನು ನಾನು ಬಹಳ ನೋಡಿದ್ದೇನೆ.

ಯೆಹೂದ್ಯರು ಈಗಲೂ ಇದನ್ನು ಮಾಡ್ತಾರಾ?

ಇಲ್ಲ. ಕ್ರಿ.ಶ. 70ರಲ್ಲಿ ರೋಮನರು ದೇವಾಲಯ ಕೆಡವಿದ ಮೇಲೆ ನಿಂತುಹೋಯಿತು. ಬೆಳಗಿನ ಮತ್ತು ಮಧ್ಯಾಹ್ನದ ಪ್ರಾರ್ಥನೆಗಳನ್ನು ಅವರು ಆ ಎರಡು ಕುರಿಮರಿಗಳ ಹೊತ್ತಿಗೆ ಹೊಂದಿಸಿಕೊಂಡರು, ಇಂದಿಗೂ ಹಾಗೇ ಮಾಡುತ್ತಾರೆ. ದಕ್ಷಿಣ ಇಸ್ರೇಲಿನ ಬೇರ್ಷೆಬದಲ್ಲಿ 1973ರಲ್ಲಿ ಮೂಲೆಗಳಲ್ಲಿ ಕೊಂಬುಗಳಿದ್ದ ಒಂದು ಯಜ್ಞವೇದಿಯ ಕಲ್ಲುಗಳು ಸಿಕ್ಕವು. ಅವನ್ನು ಹಳೇ ಕಾಲದಲ್ಲೇ ಬಿಚ್ಚಿ ಒಂದು ಗೋಡೆಗೆ ಬಳಸಿಬಿಟ್ಟಿದ್ದರು.

ಸರ್ವಾಂಗಹೋಮಕ್ಕೂ ನಾವು ಹಾಡೋ ಆರಾಧನೆ ಗೀತೆಗಳಿಗೂ ಏನಾದರೂ ಸಂಬಂಧ ಇದೆಯಾ?

ಇದೆ, ಅದು 2 ಪೂರ್ವಕಾಲವೃತ್ತಾಂತ 29ರಲ್ಲಿದೆ. ಹಿಜ್ಕೀಯನು ಯೆಹೂದದ ಪಟ್ಟಕ್ಕೆ ಬರುವ ಹೊತ್ತಿಗೆ ದೇವಾಲಯದ ಬಾಗಿಲು ಮುಚ್ಚಿತ್ತು. ದೀಪಗಳು ಆರಿದ್ದವು. ಸರ್ವಾಂಗಹೋಮ ನಿಂತುಹೋಗಿತ್ತು. ಅವನು ಮೊದಲ ವರ್ಷದ ಮೊದಲ ತಿಂಗಳಲ್ಲೇ ಬಾಗಿಲು ತೆರೆಸಿದ. ಒಳಗಿನ ಕಸವನ್ನು ಲೇವಿಯರು, ಅಂದರೆ ಯಾಜಕರಿಗೆ ನೆರವಾಗುವ ದೇವಾಲಯದ ಸೇವಕರು, ಕಿದ್ರೋನ್ ಹಳ್ಳಕ್ಕೆ ಹೊತ್ತು ಹಾಕಿದರು. ಆಮೇಲೆ ವೇದಿಯ ಮೇಲೆ ಹೋಮ ಶುರು ಮಾಡಲು ಹೇಳಿದ. ಹೋಮ ಶುರುವಾದ ಕ್ಷಣವೇ ಹಾಡೂ ಶುರುವಾಯಿತು, ತುತೂರಿಗಳ ಜೊತೆಗೆ, ದಾವೀದನ ವಾದ್ಯಗಳ ಜೊತೆಗೆ. ಹೋಮ ಮುಗಿಯುವವರೆಗೂ ಹಾಡು ನಿಲ್ಲಲಿಲ್ಲ.

ಆಮೇಲೆ ಜನ ತಾವಾಗಿಯೇ ತಂದರು. 70 ಹೋರಿ, 100 ಟಗರು, 200 ಕುರಿಮರಿ. ಆ ಹೊತ್ತಿಗೆ ಚರ್ಮ ಸುಲಿಯುವ ಕೆಲಸ ಯಾಜಕರ ಕೈಗೆ ಬಂದಿತ್ತು. ಸಿದ್ಧರಾಗಿದ್ದ ಯಾಜಕರು ಸಾಲಲಿಲ್ಲ. ಲೇವಿಯರು ತೋಳು ಮಡಚಿ ನೆರವಿಗೆ ನಿಂತರು. ಇಷ್ಟೆಲ್ಲ ಇಷ್ಟು ಬೇಗ ಆಯಿತಲ್ಲ ಅಂತ ಹಿಜ್ಕೀಯನೂ ಜನರೂ ಸಂತೋಷಪಟ್ಟರು.